ಸ್ಟೆಂಟ್ ಮತ್ತು ರಕ್ತನಾಳದ ಗೋಡೆ: ಯಾವ ಪ್ರಶ್ನೆಗೆ ಯಾವ ಕಂಪ್ಯೂಟರ್ ಮಾದರಿ?

ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳದ ಒಳವ್ಯಾಸ ಸುಮಾರು 3 ಮಿ.ಮೀ. ಗೋಡೆಯ ದಪ್ಪ ಸಾಮಾನ್ಯವಾಗಿ ಒಂದು ಮಿ.ಮೀ. ಕೂಡ ಇರುವುದಿಲ್ಲ. ಅದರೊಳಗೆ ಅರಳುವ ಸ್ಟೆಂಟಿನ ಜಾಲರಿಯ ಎಳೆ, ಅಂದರೆ ಸ್ಟ್ರಟ್, ಇತ್ತೀಚಿನ ಲೋಹದ ಸ್ಟೆಂಟ್‌ಗಳಲ್ಲಿ 80 ಮೈಕ್ರಾನ್ ಆಸುಪಾಸು. ಸ್ಟೆಂಟಿಗೆ ಬಳಸುವ 316ಎಲ್ ಸ್ಟೀಲಿನ ಎಲಾಸ್ಟಿಕ್ ಮಾಡ್ಯುಲಸ್, ಅಂದರೆ ಬಿಗಿತದ ಅಳತೆ, 193 ಗಿಗಾಪ್ಯಾಸ್ಕಲ್. ಗೋಡೆಯ ಅಂಗಾಂಶ ಅದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು ಮೆತ್ತಗೆ. ಒಂದು ಕಡೆ ಬಾಗಿ ಹಾಗೆಯೇ ಉಳಿಯುವ ಲೋಹ, ಇನ್ನೊಂದು ಕಡೆ ಹಿಗ್ಗಿದಷ್ಟೂ ಬಿಗಿಯಾಗುವ ಅಂಗಾಂಶ, ಒಳಗೆ ಸ್ಟೆಂಟನ್ನು ಅರಳಿಸಲು ಮಡಚಿಟ್ಟ ಬಲೂನ್. ಈ ಮೂರೂ ಒಂದನ್ನೊಂದು ತಳ್ಳುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟವರಿಗೆ ಹೆಜ್ಜೆಹೆಜ್ಜೆಗೂ ಆಯ್ಕೆಗಳು ಎದುರಾಗುತ್ತವೆ.

ಎಲ್ಲ ಕಡೆಯೂ ಅತಿ ಸೂಕ್ಷ್ಮವಾದ ಆಯ್ಕೆಯನ್ನೇ ಮಾಡಿದರೆ ಮಾದರಿ ಮುಗಿಯುವುದೇ ಇಲ್ಲ, ಮುಗಿದರೂ ತಪ್ಪು ಎಲ್ಲಿದೆ ಎಂದು ಹುಡುಕಲು ಆಗುವುದಿಲ್ಲ. ಆದ್ದರಿಂದ ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಮಾತು ಇತ್ಯರ್ಥವಾಗಬೇಕು: ನಿಮ್ಮ ಪ್ರಶ್ನೆ ಸ್ಟೆಂಟಿನದೋ, ಗೋಡೆಯದೋ, ರಕ್ತದ ಹರಿವಿನದೋ? ಸ್ಟೆಂಟ್ ಮುರಿಯುತ್ತದೆಯೇ, ಎಷ್ಟು ಹಿಂದಕ್ಕೆ ಕುಗ್ಗುತ್ತದೆ ಎಂಬುದು ಮೊದಲನೆಯ ಬಗೆ. ಗೋಡೆಗೆ ಎಷ್ಟು ಗಾಯವಾಗುತ್ತದೆ ಎಂಬುದು ಎರಡನೆಯದು. ಎಲ್ಲಿ ರಕ್ತ ಮಂದವಾಗಿ ನಿಲ್ಲುತ್ತದೆ ಎಂಬುದು ಮೂರನೆಯದು. ಉತ್ತರ ಯಾವ ಕಡೆಯಿಂದ ಬರಬೇಕೋ ಆ ಕಡೆಗೆ ನಿಮ್ಮ ಸಮಯ ಖರ್ಚಾಗಲಿ, ಉಳಿದದ್ದು ಒರಟಾಗಿದ್ದರೂ ನಡೆಯುತ್ತದೆ. ಕೆಳಗಿನ ಹೋಲಿಕೆಗಳನ್ನೆಲ್ಲ ಇದೇ ಕಣ್ಣಿನಿಂದ ಮಾಡಿದ್ದೇನೆ.

ಸ್ಟೆಂಟಿಗೆ ಎಂಥ ಎಲಿಮೆಂಟ್: ಬೀಮ್, ಶೆಲ್, ಸಾಲಿಡ್

ಲೆಕ್ಕಕ್ಕಾಗಿ ವಸ್ತುವನ್ನು ಸಣ್ಣ ತುಂಡುಗಳಾಗಿ ಒಡೆಯುತ್ತಾರೆ, ಆ ತುಂಡೇ ಎಲಿಮೆಂಟ್. ಬೀಮ್ ಎಲಿಮೆಂಟ್‌ನಲ್ಲಿ ಸ್ಟ್ರಟ್ ಒಂದು ಗೆರೆ ಮಾತ್ರ, ಅದರ ದಪ್ಪ ಅಗಲಗಳು ಗುಣಗಳಾಗಿ ಜೊತೆಗಿರುತ್ತವೆ. ಸಾಲಿಡ್ ಎಲಿಮೆಂಟ್‌ನಲ್ಲಿ ಸ್ಟ್ರಟ್ ನಿಜವಾದ ಘನವಸ್ತು. ಲೆಕ್ಕದ ಭಾರದಲ್ಲಿ ಇವೆರಡರ ನಡುವಿನ ಅಂತರ ದೊಡ್ಡದು: ಬೀಮ್ ಮಾದರಿ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಬೇಗ ಮುಗಿಯುತ್ತದೆ, ಸಾಲಿಡ್ ಮಾದರಿಗೆ ಲಕ್ಷಗಟ್ಟಲೆ ಎಲಿಮೆಂಟ್ ಬೇಕಾಗುತ್ತದೆ.

ಬಲೂನಿನಿಂದ ಅರಳುವ ಸ್ಟೆಂಟಿನಲ್ಲಿ ಲೋಹ ಶಾಶ್ವತವಾಗಿ ಬಾಗುವುದು ತಿರುವುಗಳಲ್ಲಿ, ಅಂದರೆ ಕ್ರೌನ್‌ಗಳಲ್ಲಿ. ನೇರ ಭಾಗಗಳು ಬಹುತೇಕ ಸುಮ್ಮನೆ ತಿರುಗುತ್ತವೆ, ಅಷ್ಟೆ. ನಿಮಗೆ ಬೇಕಾದದ್ದು ಒಟ್ಟು ಆಕಾರ, ತೆರೆದ ವ್ಯಾಸ, ನಾಳದ ಬಾಗನ್ನು ಸ್ಟೆಂಟ್ ಎಷ್ಟು ನೆಟ್ಟಗೆ ಮಾಡುತ್ತದೆ ಎಂಬಂಥ ಮಾಹಿತಿಯಾದರೆ ಬೀಮ್ ಸಾಕು. ಹತ್ತಾರು ವಿನ್ಯಾಸಗಳನ್ನು ಜಾಲಾಡುವಾಗ ನಾನು ಮೊದಲು ಆರಿಸುವುದು ಇದನ್ನೇ. ಆದರೆ ಕ್ರೌನಿನ ಒಳಬದಿಯಲ್ಲಿ ಎಷ್ಟು ಸ್ಟ್ರೈನ್, ಅಂದರೆ ಹಿಗ್ಗು ಕುಗ್ಗುಗಳ ಪ್ರಮಾಣ, ಕಟ್ಟಿಕೊಂಡಿದೆ, ಅಲ್ಲಿ ಬಿರುಕು ಹುಟ್ಟೀತೇ ಎಂದು ಕೇಳಿದರೆ ಬೀಮ್ ಕೈಚೆಲ್ಲುತ್ತದೆ. ಆಗ ಸಾಲಿಡ್ ಬೇಕು, ಸ್ಟ್ರಟ್‌ನ ದಪ್ಪಕ್ಕೆ ಅಡ್ಡಲಾಗಿ ಕನಿಷ್ಠ ನಾಲ್ಕು ಎಲಿಮೆಂಟ್ ಇರಬೇಕು. ಒಂದೋ ಎರಡೋ ಇಟ್ಟು, ಅದೂ ರೆಡ್ಯೂಸ್ಡ್ ಇಂಟಿಗ್ರೇಶನ್ (ಎಲಿಮೆಂಟಿನೊಳಗೆ ಕಡಿಮೆ ಬಿಂದುಗಳಲ್ಲಿ ಲೆಕ್ಕ ಹಾಕುವ ಉಳಿತಾಯ) ಬಳಸಿದರೆ, ಬಾಗುವಿಕೆಯೇ ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಚಿತ್ರ ಮಾತ್ರ ಬಣ್ಣಬಣ್ಣವಾಗಿ ಚೆನ್ನಾಗಿಯೇ ಕಾಣುತ್ತದೆ. ಮೋಸ ಇರುವುದು ಅಲ್ಲೇ.

ಶೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲಕ್ಕೆ ಹೋಲಿಸಿದರೆ ದಪ್ಪ ತೀರಾ ಕಡಿಮೆಯಿರುವ ಹಾಳೆಗಳಿಗೆ ಅದು ಹುಟ್ಟಿದ್ದು. ಸ್ಟ್ರಟ್‌ನ ದಪ್ಪವೂ ಅಗಲವೂ ಹತ್ತಿರ ಹತ್ತಿರ ಇರುವುದರಿಂದ ಸ್ಟೆಂಟಿಗೆ ಅದು ಒಗ್ಗುವುದಿಲ್ಲ. ಬಲೂನಿನ ಪೊರೆಗೆ ಮಾತ್ರ ಶೆಲ್ ಅಥವಾ ಮೆಂಬ್ರೇನ್ ಸರಿಯಾದ ಜಾಗ.

ಹೇಗೆ ಅರಳಿಸುವುದು

ಹೊಸಬರು ಅತಿ ಕಡಿಮೆ ಯೋಚಿಸುವ, ಫಲಿತಾಂಶವನ್ನು ಅತಿ ಹೆಚ್ಚು ಬದಲಿಸುವ ಆಯ್ಕೆ ಇದು.

ಅತ್ಯಂತ ಸುಲಭದ ದಾರಿ ಸ್ಟೆಂಟಿನ ಒಳಮೈಗೆ ನೇರವಾಗಿ ಒತ್ತಡ ಕೊಡುವುದು. ಬಲೂನೇ ಬೇಡ, ಕಾಂಟ್ಯಾಕ್ಟ್ ಲೆಕ್ಕ, ಅಂದರೆ ಯಾವ ಮೈ ಯಾವುದಕ್ಕೆ ತಗುಲುತ್ತದೆ ಎಂಬ ಲೆಕ್ಕ, ಅರ್ಧ ಕಡಿಮೆ. ಆದರೆ ನಿಜದಲ್ಲಿ ಒತ್ತಡ ಬೀಳುವುದು ಇಡೀ ಬಲೂನಿನ ಮೈಮೇಲೆ, ಮಾದರಿಯಲ್ಲಿ ಬೀಳುವುದು ಸ್ಟ್ರಟ್‌ಗಳ ಕಿರಿದಾದ ಒಳಮೈ ಮೇಲೆ ಮಾತ್ರ. ಸ್ಟ್ರಟ್‌ಗಳು ನಾಳದ ಒಳಮೈಯ ಸ್ವಲ್ಪ ಪಾಲನ್ನಷ್ಟೇ ಮುಚ್ಚುವುದರಿಂದ, ಅಷ್ಟೇ ಅರಳಲು ಕೊಡಬೇಕಾದ ಒತ್ತಡ ನಿಜವಾದ ಬಲೂನಿನ ಒತ್ತಡಕ್ಕಿಂತ ಬಹಳ ಹೆಚ್ಚು. ಹಾಗಾಗಿ ಅಲ್ಲಿ ಬಂದ ಒತ್ತಡದ ಅಂಕಿಯನ್ನು ಬಲೂನ್ ಪೊಟ್ಟಣದ ಮೇಲೆ ಅಚ್ಚಾದ ಪಟ್ಟಿಯೊಂದಿಗೆ ಹೋಲಿಸುವುದು ಅರ್ಥಹೀನ. ಇನ್ನೊಂದು ತೊಡಕೂ ಇದೆ: ಲೋಹ ಒಮ್ಮೆ ಶಾಶ್ವತವಾಗಿ ಬಾಗಲು ಶುರುಮಾಡಿದರೆ ಒತ್ತಡ ಚೂರೇ ಏರಿದರೂ ವ್ಯಾಸ ಜಿಗಿಯುತ್ತದೆ, ಬೇಕಾದ ವ್ಯಾಸದಲ್ಲಿ ನಿಲ್ಲಿಸುವುದು ಕಷ್ಟ.

ಎರಡನೆಯದು ಒಳಗೊಂದು ಕೊಳವೆಯನ್ನಿಟ್ಟು ಅದರ ತ್ರಿಜ್ಯವನ್ನು ನಾವೇ ಹಿಗ್ಗಿಸುವುದು. ಬೇಕಾದ ವ್ಯಾಸಕ್ಕೆ ನಿಖರವಾಗಿ ಒಯ್ಯಬಹುದು, ಆಮೇಲೆ ಕೊಳವೆಯನ್ನು ಕುಗ್ಗಿಸಿ ಸ್ಟೆಂಟ್ ಎಷ್ಟು ಹಿಂದೆ ಸರಿಯಿತು ಎಂದು ಅಳೆಯಬಹುದು. ಲೆಕ್ಕ ಸ್ಥಿರ, ವೇಗ ಹೆಚ್ಚು. ಎರಡು ಸ್ಟೆಂಟ್‌ಗಳು ಒಂದೇ ವ್ಯಾಸಕ್ಕೆ ಅರಳಿದಾಗ ನೇರ ನಾಳದ ಗೋಡೆಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಮೊದಲ ಆಯ್ಕೆ ಇದೇ. ಬಾಗಿದ ನಾಳದಲ್ಲಿ ಮಾತ್ರ ಎಚ್ಚರ ಬೇಕು: ಕೊಳವೆಗೆ ನೀವು ಯಾವ ಬಾಗು ಕೊಟ್ಟಿರುತ್ತೀರೋ ನಾಳವೂ ಅದನ್ನೇ ಒಪ್ಪಿಕೊಳ್ಳುತ್ತದೆ. ನಾಳ ಎಷ್ಟು ನೆಟ್ಟಗಾಯಿತು ಎಂದು ಆ ಮಾದರಿಯನ್ನು ಕೇಳಿದರೆ ನಿಮ್ಮದೇ ಊಹೆ ಉತ್ತರವಾಗಿ ಹಿಂದಿರುಗುತ್ತದೆ.

ಮೂರನೆಯದು ಮಡಿಕೆಗಳಿಲ್ಲದ, ರಬ್ಬರಿನಂತೆ ಹಿಗ್ಗುವ ಬಲೂನ್. ಇದು ಎರಡೂ ಕಡೆಗೆ ಸೇರದ ಹಾದಿ. ತುದಿಗಳು ಮೊದಲು ಉಬ್ಬುವುದು, ಅಂದರೆ ಡಾಗ್‌ಬೋನಿಂಗ್, ಇದರಲ್ಲಿ ಕಾಣಿಸಿಕೊಳ್ಳುತ್ತದೆ ನಿಜ. ಆದರೆ ಆಂಜಿಯೋಪ್ಲಾಸ್ಟಿ ಬಲೂನುಗಳು ನೈಲಾನ್ ಜಾತಿಯ ಪಾಲಿಮರಿನವು, ರಬ್ಬರಿನಂತೆ ಹಿಗ್ಗುವುದೇ ಇಲ್ಲ. ಮಡಚಿದ ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ, ಪೂರ್ತಿ ಬಿಚ್ಚಿದ ಮೇಲೆ ಒತ್ತಡ ಎಷ್ಟೇ ಏರಿಸಿದರೂ ವ್ಯಾಸ ಅಲ್ಪಸ್ವಲ್ಪವೇ ಬೆಳೆಯುತ್ತದೆ. ರಬ್ಬರ್ ಬಲೂನ್ ಮಾದರಿ ಕಂಡ ಡಾಗ್‌ಬೋನಿಂಗ್ ಸರಿಯಾದ ಕಾರಣಕ್ಕೇ ಬಂದದ್ದು ಎಂದು ನಂಬಲು ಆಧಾರ ಇಲ್ಲ. ನನಗಂತೂ ಇದರ ಮೇಲೆ ಸಮಯ ಹಾಕುವ ಮನಸ್ಸಿಲ್ಲ.

ಕೊನೆಯದು ನಿಜದಂತೆ ಮಡಚಿದ ಬಲೂನ್. ಮೂರೋ ಐದೋ ಮಡಿಕೆ ಹಾಕಿ, ಅದರ ಮೇಲೆ ಸ್ಟೆಂಟನ್ನು ಅದುಮಿ, ಆಮೇಲೆ ಒಳಗಿಂದ ಒತ್ತಡ ಕೊಡಬೇಕು. ಮಡಿಕೆಗಳು ತಮ್ಮ ಮೇಲೆಯೇ ಉಜ್ಜಿಕೊಳ್ಳುವುದರಿಂದ ಕಾಂಟ್ಯಾಕ್ಟ್ ಲೆಕ್ಕ ತಲೆನೋವು. ತಯಾರಿಗೇ ಬಹಳ ಸಮಯ ಹಿಡಿಯುತ್ತದೆ. ಆದರೆ ಒತ್ತಡ ಮತ್ತು ವ್ಯಾಸದ ಸಂಬಂಧ ನಿಜಕ್ಕೆ ಹತ್ತಿರ ಬರುವುದು ಇದರಲ್ಲಿ ಮಾತ್ರ. ತಯಾರಕರ ಪಟ್ಟಿಯಲ್ಲಿ ಇಂತಿಷ್ಟು ಅಟ್ಮಾಸ್ಫಿಯರ್‌ಗೆ ಇಂತಿಷ್ಟು ವ್ಯಾಸ ಎಂದು ಇರುತ್ತದಲ್ಲ, ಆ ಪಟ್ಟಿಯೊಂದಿಗೆ ನಿಮ್ಮ ರೇಖೆಯನ್ನು ಇಟ್ಟು ನೋಡಬಹುದು. 10 ಅಟ್ಮಾಸ್ಫಿಯರ್ ಎಂದರೆ ಸುಮಾರು 1 ಮೆಗಾಪ್ಯಾಸ್ಕಲ್ ಎಂಬುದು ನೆನಪಿದ್ದರೆ ಘಟಕಗಳ ಗೊಂದಲ ತಪ್ಪುತ್ತದೆ. ಬಿಚ್ಚುವಾಗ ಬಲೂನ್ ಒಂದೇ ಸಮನಾಗಿ ಬಿಚ್ಚದೆ ಸ್ಟೆಂಟಿನ ಕೆಲವು ಕೋಶಗಳು ಹೆಚ್ಚು, ಕೆಲವು ಕಡಿಮೆ ತೆರೆಯುವುದೂ ಇಲ್ಲಿ ಕಾಣುತ್ತದೆ. ನಾಳ ಕವಲೊಡೆಯುವ ಜಾಗದಲ್ಲಿ ಎರಡು ಬಲೂನುಗಳನ್ನು ಒಟ್ಟಿಗೆ ಉಬ್ಬಿಸುವ ಚಿಕಿತ್ಸೆಯನ್ನು ಅಧ್ಯಯನ ಮಾಡುವುದಾದರೆ ಬೇರೆ ದಾರಿ ಹುಡುಕಬೇಡಿ.

ಯಾವುದನ್ನೇ ಆರಿಸಿ, ಅದುಮುವ ಹಂತವನ್ನು ಬಿಡಬೇಡಿ. ಕ್ರಿಂಪಿಂಗ್‌ನಲ್ಲೇ ಲೋಹ ಒಮ್ಮೆ ಒಂದು ಕಡೆಗೆ ಬಾಗಿ ಗಡಸಾಗಿರುತ್ತದೆ. ಅರಳುವಾಗ ಅದು ತಿರುಗಿ ಎದುರು ದಿಕ್ಕಿಗೆ ಬಾಗುತ್ತದೆ. ಸ್ಟೆಂಟಿನ ಆಯಸ್ಸನ್ನು ಕೇಳುವವರಿಗೆ ಈ ಚರಿತ್ರೆ ಬೇಕೇ ಬೇಕು. ಗೋಡೆಯ ಪ್ರಶ್ನೆ ಮಾತ್ರ ಇದ್ದವರು, ಸಮಯವಿಲ್ಲದಿದ್ದರೆ, ಅದುಮಿದ ಆಕಾರದಿಂದಲೇ ಶುರುಮಾಡಿಕೊಳ್ಳಬಹುದು.

ಇಂಪ್ಲಿಸಿಟ್ ಅಥವಾ ಎಕ್ಸ್‌ಪ್ಲಿಸಿಟ್

ಲೆಕ್ಕವನ್ನು ಕಾಲದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮುಂದಕ್ಕೆ ಒಯ್ಯಲು ಎರಡು ವಿಧಾನಗಳಿವೆ. ಇಂಪ್ಲಿಸಿಟ್ ವಿಧಾನದಲ್ಲಿ ಪ್ರತಿ ಹೆಜ್ಜೆಯಲ್ಲೂ ಬಲಗಳು ಸಮತೋಲಕ್ಕೆ ಬರಲೇಬೇಕು. ಬಂದರೆ ಉತ್ತರದ ಮೇಲೆ ಭರವಸೆ ಇಡಬಹುದು. ಆದರೆ ಸಾವಿರಾರು ಕಡೆ ಕಾಂಟ್ಯಾಕ್ಟ್ ತಗುಲುತ್ತ ಬಿಡುತ್ತ ಇರುವ ಸ್ಟೆಂಟ್ ಸಮಸ್ಯೆಯಲ್ಲಿ ಅದು ಪದೇ ಪದೇ ಮುಗ್ಗರಿಸುತ್ತದೆ. ಎಕ್ಸ್‌ಪ್ಲಿಸಿಟ್ ಮುಗ್ಗರಿಸುವುದಿಲ್ಲ, ಬದಲಿಗೆ ಅತಿ ಚಿಕ್ಕ ಹೆಜ್ಜೆ ಇಡುತ್ತದೆ. ಸ್ಟೀಲಿನಲ್ಲಿ ಶಬ್ದದ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ಆ ಅಲೆ ಒಂದು ಎಲಿಮೆಂಟನ್ನು ದಾಟುವ ಸಮಯಕ್ಕಿಂತ ಹೆಜ್ಜೆ ದೊಡ್ಡದಾಗುವಂತಿಲ್ಲ. ಎಲಿಮೆಂಟ್ 30 ಮೈಕ್ರಾನ್ ಇದ್ದರೆ ಒಂದು ಹೆಜ್ಜೆ ಸುಮಾರು 6 ನ್ಯಾನೋಸೆಕೆಂಡ್. ಬಲೂನ್ ಉಬ್ಬುವ ಹಲವು ಸೆಕೆಂಡುಗಳನ್ನು ಈ ಲೆಕ್ಕದಲ್ಲಿ ದಾಟುವುದು ಆಗದ ಮಾತು. ಆದ್ದರಿಂದ ಇಡೀ ಘಟನೆಯನ್ನು 10 ಮಿಲಿಸೆಕೆಂಡಿಗೆ ಇಳಿಸುತ್ತಾರೆ. ಆಗಲೂ 16 ಲಕ್ಷಕ್ಕೂ ಹೆಚ್ಚು ಹೆಜ್ಜೆಗಳು. ಇನ್ನೂ ಬೇಗ ಮುಗಿಯಲಿ ಎಂದು ಮಾಸ್ ಸ್ಕೇಲಿಂಗ್ ಮಾಡುತ್ತಾರೆ, ಅಂದರೆ ವಸ್ತುವಿಗೆ ಇಲ್ಲದ ದ್ರವ್ಯರಾಶಿ ಸೇರಿಸುತ್ತಾರೆ.

ಇಲ್ಲಿ ಕಾವಲು ಕಾಯಬೇಕಾದದ್ದು ಚಲನಶಕ್ತಿಯನ್ನು. ಒಳಶಕ್ತಿಯ ಶೇ. 5ರಷ್ಟನ್ನು ಅದು ದಾಟಬಾರದು ಎಂಬುದು ರೂಢಿಯ ನಿಯಮ. ದಾಟಿದರೆ ಸ್ಟೆಂಟ್ ಅರಳುತ್ತಿಲ್ಲ, ಸಿಡಿಯುತ್ತಿದೆ ಎಂದರ್ಥ. ಗೋಡೆಯ ಅಂಗಾಂಶ ಬಹುತೇಕ ಸಂಕುಚಿಸದ ವಸ್ತು ಎಂಬುದೂ ತೊಡಕು. ಇಂಪ್ಲಿಸಿಟ್‌ನಲ್ಲಿ ಒತ್ತಡವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವ ಹೈಬ್ರಿಡ್ ಎಲಿಮೆಂಟ್ ಬಳಸಿ ಅದನ್ನು ನಿಭಾಯಿಸಬಹುದು, ಎಕ್ಸ್‌ಪ್ಲಿಸಿಟ್‌ನಲ್ಲಿ ಸ್ವಲ್ಪ ಸಂಕುಚಿಸಲು ಬಿಡದೆ ವಿಧಿಯಿಲ್ಲ.

ನನ್ನ ಒಲವು: ನೇರ ನಾಳ, ಕೊಳವೆಯಿಂದ ಅರಳಿಸುವುದು ಎಂದಾದರೆ ಇಂಪ್ಲಿಸಿಟ್. ಮಡಚಿದ ಬಲೂನ್ ಅಥವಾ ರೋಗಿಯ ನಾಳ ಬಂತೆಂದರೆ ಎಕ್ಸ್‌ಪ್ಲಿಸಿಟ್, ಮರುಮಾತಿಲ್ಲ. ಅರಳಿಸುವುದನ್ನು ಎಕ್ಸ್‌ಪ್ಲಿಸಿಟ್‌ನಲ್ಲಿ ಮುಗಿಸಿ, ಹಿಂದೆ ಕುಗ್ಗುವ ಹಂತವನ್ನು ಇಂಪ್ಲಿಸಿಟ್‌ಗೆ ಒಯ್ಯುವ ಬೆರಕೆ ದಾರಿಯೂ ಉಂಟು. ಬಲೂನ್ ತೆಗೆದ ಮೇಲೆ ಸ್ಟೆಂಟ್ ನಡುಗುತ್ತಿರುವಾಗಲೇ ವ್ಯಾಸ ಅಳೆಯುವ ತಪ್ಪು ಅದರಿಂದ ತಪ್ಪುತ್ತದೆ.

ಗೋಡೆಯನ್ನು ಎಷ್ಟು ನಿಜವಾಗಿಸಬೇಕು

ಗೋಡೆಯನ್ನು ಸರಳ ಎಲಾಸ್ಟಿಕ್ ವಸ್ತು ಎಂದುಕೊಳ್ಳುವುದನ್ನು ಮೊದಲೇ ಪಕ್ಕಕ್ಕಿಡೋಣ. ಅಪಧಮನಿಯ ಗೋಡೆ ಮೊದಲು ಸುಲಭವಾಗಿ ಹಿಗ್ಗುತ್ತದೆ, ಕೊಲಾಜನ್ ನಾರುಗಳು ನೆಟ್ಟಗಾಗುತ್ತಿದ್ದಂತೆ ಒಮ್ಮೆಲೇ ಬಿಗಿಯುತ್ತದೆ. ಸ್ಟೆಂಟ್ ಗೋಡೆಯನ್ನು ಒಯ್ಯುವುದು ಆ ಬಿಗಿಯುವ ವಲಯಕ್ಕೇ. ಒಂದೇ ಮಾಡ್ಯುಲಸ್ ಅಂಕಿಯಿಂದ ಅದನ್ನು ಹಿಡಿಯಲು ಬರುವುದಿಲ್ಲ.

ಹಾಗಾದರೆ ನಿಜವಾದ ಸ್ಪರ್ಧೆ ಎರಡರ ನಡುವೆ. ಒಂದು, ರಬ್ಬರಿನಂತೆ ಬಹಳ ಹಿಗ್ಗುವ ವಸ್ತುಗಳಿಗೆ ಬಳಸುವ, ಮೂನಿ–ರಿವ್ಲಿನ್ ಜಾತಿಯ ಹೈಪರ್‌ಎಲಾಸ್ಟಿಕ್ ಮಾದರಿ: ಎಲ್ಲ ದಿಕ್ಕಿಗೂ ಒಂದೇ ಗುಣ, ಕೆಲವೇ ಸ್ಥಿರಾಂಕಗಳು, ಎಲ್ಲ ಸಾಫ್ಟ್‌ವೇರಿನಲ್ಲೂ ಸಿದ್ಧ. ಇನ್ನೊಂದು, ಹೋಲ್ಝಪ್ಫೆಲ್, ಗ್ಯಾಸರ್ ಮತ್ತು ಆಗ್ಡೆನ್ 2000ದಲ್ಲಿ ಮುಂದಿಟ್ಟ ಮಾದರಿ. ಇದರಲ್ಲಿ ಮೆತ್ತನೆಯ ತಳದ ಜೊತೆಗೆ ಓರೆಯಾಗಿ ಸುತ್ತಿದ ಎರಡು ನಾರಿನ ಗುಂಪುಗಳಿರುತ್ತವೆ. ನಡುಪದರವಾದ ಮೀಡಿಯಾದಲ್ಲಿ ನಾರುಗಳು ಸುತ್ತಳತೆಯ ಕಡೆಗೆ, ಹೊರಪದರವಾದ ಅಡ್ವೆಂಟೀಶಿಯಾದಲ್ಲಿ ಉದ್ದದ ಕಡೆಗೆ ಹೆಚ್ಚು ವಾಲಿರುತ್ತವೆ. ಮೊಲದ ಕತ್ತಿನ ನಾಳಕ್ಕೆ ಅವರು ಬಳಸಿದ ಕೋನಗಳು ಕ್ರಮವಾಗಿ 29 ಮತ್ತು 62 ಡಿಗ್ರಿ. 2006ರಲ್ಲಿ ನಾರುಗಳ ಚದುರುವಿಕೆಯನ್ನೂ ಸೇರಿಸಿದ ರೂಪ ಬಂತು.

ಮೊಲದ ಅಂಕಿಗಳನ್ನೇ ಮನುಷ್ಯನ ಕೊರೊನರಿಗೆ ಹಾಕಿ ಮುಂದೆ ಸಾಗುವವರನ್ನು ನೋಡಿದಾಗ ಬೇಸರವಾಗುತ್ತದೆ. 2005ರಲ್ಲಿ ಮನುಷ್ಯರ 13 ಹೃದಯಗಳಿಂದ ಎಡ ಮುಂಭಾಗದ ಕೊರೊನರಿ ನಾಳಗಳನ್ನು ತೆಗೆದು, ಮೂರು ಪದರಗಳನ್ನು ಬಿಡಿಸಿ, ಎಳೆದು ಪರೀಕ್ಷಿಸಿದ ಫಲಿತಾಂಶಗಳು ಪ್ರಕಟವಾಗಿವೆ. ಅಲ್ಲಿ ಅತಿ ಬಿಗಿಯಾಗಿ ಕಂಡದ್ದು ಒಳಪದರ ಇಂಟಿಮಾ. ಎಳೆಯ ನಾಳದಲ್ಲಿ ಇಂಟಿಮಾ ತೆಳು ಪೊರೆ, ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎನ್ನುವುದು ಸರಿ. ಸ್ಟೆಂಟ್ ಹಾಕಿಸಿಕೊಳ್ಳುವ ವಯಸ್ಸಿನಲ್ಲಿ ಅದು ದಪ್ಪಗಾಗಿರುತ್ತದೆ, ಬಿಡುವಂತಿಲ್ಲ.

ಇವೆರಡರಲ್ಲಿ ಯಾವುದು? ಒಂದೇ ನಾಳದಲ್ಲಿ ಎರಡು ಸ್ಟೆಂಟ್ ವಿನ್ಯಾಸಗಳನ್ನಿಟ್ಟು ಯಾವುದು ಗೋಡೆಯನ್ನು ಹೆಚ್ಚು ಕಾಡುತ್ತದೆ ಎಂದು ಕೇಳುವುದಾದರೆ ಮೂನಿ–ರಿವ್ಲಿನ್ ಬಗೆಯ ಮಾದರಿಯೂ ಸಾಮಾನ್ಯವಾಗಿ ಅದೇ ಸರದಿಯನ್ನು ಕೊಡುತ್ತದೆ. ಸ್ಟ್ರೆಸ್ಸಿನ, ಅಂದರೆ ಅಂಗಾಂಶದೊಳಗೆ ಹುಟ್ಟುವ ಬಿಗುವಿನ, ಅಂಕಿಗಳು ಮಾತ್ರ ನೀವು ಆರಿಸಿದ ಸ್ಥಿರಾಂಕಗಳಿಗೆ ತಕ್ಕಂತೆ ಹಲವು ಪಟ್ಟು ಏರಿಳಿಯುತ್ತವೆ. ಅಂಕಿಯೇ ಬೇಕು, ಪದರ ಪದರಕ್ಕೆ ಗಾಯ ಎಷ್ಟು ಎಂದು ತಿಳಿಯಬೇಕು ಎಂದರೆ ನಾರಿನ ಮಾದರಿಗೆ ಹೋಗಬೇಕು. ಅಷ್ಟೇ ಸಾಲದು, ಅತಿಯಾಗಿ ಹಿಗ್ಗಿದ ಅಂಗಾಂಶ ಮೆತ್ತಗಾಗುವುದನ್ನೂ, ಪೂರ್ತಿ ಹಿಂದಿರುಗದೆ ಉಳಿಯುವುದನ್ನೂ ಸೇರಿಸಬೇಕು. ನಾರುಗಳನ್ನು ಸೇರಿಸಿ ಹಾನಿಯನ್ನು ಬಿಟ್ಟರೆ ಅರ್ಧ ದಾರಿ. ಬಲೂನ್ ಇಳಿದ ಮೇಲೆ ಗೋಡೆ ಸ್ಟೆಂಟನ್ನು ನಿಜಕ್ಕಿಂತ ಹೆಚ್ಚು ಬಲದಿಂದ ಹಿಂಡುವಂತೆ ಆ ಮಾದರಿ ತೋರಿಸುತ್ತದೆ.

ಪದರಗಳಿಗಿಂತ ಮುಖ್ಯವಾದರೂ ಕಡೆಗಣನೆಗೆ ಸಿಲುಕಿರುವುದು ಮೊದಲೇ ಇರುವ ಬಿಗುವು. ಸ್ಕ್ಯಾನಿನಲ್ಲಿ ಕಾಣುವ ನಾಳ ಖಾಲಿ ನಾಳವಲ್ಲ. ಒಳಗೆ 100 ಮಿ.ಮೀ. ಪಾದರಸದಷ್ಟು, ಅಂದರೆ ಸುಮಾರು 13 ಕಿಲೋಪ್ಯಾಸ್ಕಲ್ ಒತ್ತಡ ಇದ್ದೇ ಇದೆ, ಉದ್ದಕ್ಕೂ ಎಳೆದುಕೊಂಡೇ ಇದೆ. ಆ ಆಕಾರವನ್ನೇ ಸೊನ್ನೆ ಸ್ಟ್ರೆಸ್ ಎಂದು ಹಿಡಿದರೆ ಗೋಡೆ ತನ್ನ ಹಿಗ್ಗು–ಬಿಗುವಿನ ರೇಖೆಯ ಮೆತ್ತನೆ ತುದಿಯಿಂದ ಶುರುವಾಗುತ್ತದೆ, ಸ್ಟೆಂಟ್ ಬಂದಾಗ ಹುಟ್ಟುವ ಸ್ಟ್ರೆಸ್ ಕಡಿಮೆ ಎಂದು ತೋರುತ್ತದೆ. ಹಿಮ್ಮುಖ ಲೆಕ್ಕದಿಂದ ಒತ್ತಡವಿಲ್ಲದ ಆಕಾರವನ್ನು ಮೊದಲು ಹುಡುಕಿಕೊಳ್ಳುವ ವಿಧಾನಗಳಿವೆ. ಪದರಕ್ಕೆ ಪದರ ನಾರಿನ ಮಾದರಿ ಹಾಕಿ ಇದನ್ನು ಬಿಡುವುದಕ್ಕಿಂತ, ಸರಳ ಮಾದರಿ ಹಾಕಿ ಇದನ್ನು ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಕಾಲ್ಪನಿಕ ಕೊಳವೆಯೋ, ರೋಗಿಯ ನಾಳವೋ

ರೋಗಿಯ ನಾಳ ಎಂದ ಕೂಡಲೇ ಮಾದರಿಗೆ ಗೌರವ ಬರುತ್ತದೆ. ಆದರೆ ಆ ನಾಳದ ಚಿತ್ರ ಎಲ್ಲಿಂದ ಬಂತು ಎಂದು ಕೇಳಿ. ಸಿಟಿ ಸ್ಕ್ಯಾನ್ ನಾಳದ ಬಾಗು, ಕವಲುಗಳನ್ನು ಚೆನ್ನಾಗಿ ಕೊಡುತ್ತದೆ, ಆದರೆ ಅದರ ಸೂಕ್ಷ್ಮತೆ ಅರ್ಧ ಮಿ.ಮೀ. ಸುಮಾರಿನದು, ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ಜಾಗ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಳದೊಳಗಿನ ಅಲ್ಟ್ರಾಸೌಂಡ್, ಅಂದರೆ ಐವಸ್, ಗೋಡೆಯ ಆಳಕ್ಕೆ ಇಳಿಯುತ್ತದೆ. ಸುಣ್ಣದ ಹಿಂದೆ ನೆರಳು ಬಿದ್ದು ಏನೂ ಕಾಣುವುದಿಲ್ಲ. ನಾಳದೊಳಗಿಂದ ಬೆಳಕು ಬಳಸಿ ಚಿತ್ರ ತೆಗೆಯುವ ಒಸಿಟಿಗೆ 10ರಿಂದ 15 ಮೈಕ್ರಾನ್ ಸೂಕ್ಷ್ಮತೆ ಇದೆ, ಸ್ಟ್ರಟ್ ಒಂದೊಂದನ್ನೂ ಗುರುತಿಸಬಹುದು, ಸುಣ್ಣದ ಅಂಚೂ ಸ್ಪಷ್ಟ. ಕೊಬ್ಬಿನ ಹಿಂದಿರುವುದು ಮಾತ್ರ ಸಿಗುವುದಿಲ್ಲ. ಗೋಡೆಯ ಪ್ರಶ್ನೆಗೆ ಒಸಿಟಿ ಮತ್ತು ಸಿಟಿ ಅಥವಾ ಆಂಜಿಯೋಗ್ರಫಿಯ ಜೋಡಿ ನನಗೆ ಸರಿ ಎನಿಸುತ್ತದೆ: ಒಂದರಿಂದ ಅಡ್ಡಸೀಳು, ಇನ್ನೊಂದರಿಂದ ಬಾಗು.

ಪ್ಲಾಕ್, ಅಂದರೆ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬು, ನಾರು, ಸುಣ್ಣದ ಗಡ್ಡೆ, ಇಲ್ಲದ ರೋಗಿಯ ನಾಳ ಎಂಬುದು ಅರ್ಥವಿಲ್ಲದ ಮಾತು. ಸ್ಟೆಂಟ್ ಹಾಕುವುದೇ ಪ್ಲಾಕ್ ಇರುವಲ್ಲಿ. ಒಂದು ಪಕ್ಕಕ್ಕೆ ಸುಣ್ಣ ಕಟ್ಟಿಕೊಂಡಿದ್ದರೆ ಆ ಬದಿ ಅಲುಗುವುದಿಲ್ಲ, ಎದುರಿನ ಆರೋಗ್ಯವಂತ ಗೋಡೆ ಅತಿಯಾಗಿ ಹಿಗ್ಗಿ ಪೆಟ್ಟು ತಿನ್ನುತ್ತದೆ. ಚಿತ್ರದಲ್ಲಿ ಪ್ಲಾಕ್ ಯಾವ ಬಗೆಯದು ಎಂದು ಗುರುತಿಸಲು ಆಗದಿದ್ದರೆ, ಒಂದು ಕಾಲ್ಪನಿಕ ನೇರ ಕೊಳವೆ ಮಾಡಿ, ಅದರಲ್ಲಿ ಓರೆಯಾಗಿ ಕುಳಿತ ಪ್ಲಾಕನ್ನು ಕೊಬ್ಬಿನದು, ನಾರಿನದು, ಸುಣ್ಣದ್ದು ಎಂದು ಬದಲಿಸಿ ಮೂರು ಸಲ ಓಡಿಸಿ. ಒಬ್ಬ ರೋಗಿಯ ಅನುಮಾನಾಸ್ಪದ ಮಾದರಿಗಿಂತ ಇದರಿಂದ ಹೆಚ್ಚು ತಿಳಿಯುತ್ತದೆ. ನಾಳದ ಎರಡೂ ತುದಿಗಳನ್ನು ಸ್ಟೆಂಟಿನ ತೀರಾ ಹತ್ತಿರ ಕಟ್ಟಿಹಾಕಬೇಡಿ. ತುದಿಯಲ್ಲಿ ಹುಟ್ಟುವ ಸುಳ್ಳು ಬಿಗುವು ಸ್ಟೆಂಟಿನ ಅಂಚಿನವರೆಗೂ ಬರುತ್ತದೆ, ನೋಡಬೇಕಾದ ಜಾಗ ಅದೇ ಆಗಿರುತ್ತದೆ.

ಸ್ಟೆಂಟಿನ ವಸ್ತು ಬದಲಾದರೆ ಆಯ್ಕೆಯೂ ಬದಲು

ಸ್ಟೀಲ್, ಕೋಬಾಲ್ಟ್–ಕ್ರೋಮಿಯಂ ಎರಡಕ್ಕೂ ಶಾಶ್ವತ ಬಾಗುವಿಕೆಯನ್ನು ಹಿಡಿಯುವ ಸಾಧಾರಣ ಪ್ಲಾಸ್ಟಿಸಿಟಿ ಮಾದರಿ ಸಾಕು. ಕೋಬಾಲ್ಟ್–ಕ್ರೋಮಿಯಂ ಹೆಚ್ಚು ಬಿಗಿ, ಮಾಡ್ಯುಲಸ್ 240 ಗಿಗಾಪ್ಯಾಸ್ಕಲ್ ಹತ್ತಿರ, ಅದಕ್ಕೇ ಸ್ಟ್ರಟ್ ತೆಳುವಾಗಲು ಸಾಧ್ಯವಾಯಿತು. ತೆಳುವಾದರೆ ಏನು ಲಾಭ ಎನ್ನುವವರಿಗೆ 2001ರ ಐಸಾರ್–ಸ್ಟೀರಿಯೋ ಪ್ರಯೋಗ ಉತ್ತರ: 50 ಮೈಕ್ರಾನ್ ಸ್ಟ್ರಟ್ ಇದ್ದವರಲ್ಲಿ ಶೇ. 15 ಮಂದಿಗೆ, 140 ಮೈಕ್ರಾನ್ ಇದ್ದವರಲ್ಲಿ ಶೇ. 25.8 ಮಂದಿಗೆ ನಾಳ ಮತ್ತೆ ಕಿರಿದಾಯಿತು.

ನಿಕ್ಕಲ್–ಟೈಟಾನಿಯಂ ಮಿಶ್ರಲೋಹವಾದ ನಿಟಿನಾಲ್ ಬೇರೆಯೇ ಲೋಕ. ತಾನೇ ಅರಳುವ ಈ ಸ್ಟೆಂಟಿಗೆ ಬಲೂನಿನ ಚರ್ಚೆ ಬೇಡ, ಬಹಳ ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುವ ಗುಣವನ್ನು ಹಿಡಿಯುವ ಸೂಪರ್‌ಎಲಾಸ್ಟಿಕ್ ವಸ್ತುಮಾದರಿ ಬೇಕು. ಅದುಮುವಾಗಿನ ರೇಖೆಯೂ ಬಿಡುವಾಗಿನ ರೇಖೆಯೂ ಬೇರೆಬೇರೆ, ಗೋಡೆಯ ಮೇಲೆ ಬೀಳುವ ಬಲ ಎರಡನೆಯದನ್ನು ಅವಲಂಬಿಸುತ್ತದೆ. ಇಂಥ ಸ್ಟೆಂಟ್ ಕೂರುವ ತೊಡೆಯ ನಾಳದಲ್ಲಿ, ನಡೆದಾಗ, ಕುಳಿತಾಗ ಬಾಗುವುದು, ತಿರುಚುವುದು, ಕುಗ್ಗುವುದು ನಡೆದೇ ಇರುತ್ತದೆ. ಹಾಗಾಗಿ ಅಲ್ಲಿ ಅರಳಿಸಿ ನಿಲ್ಲಿಸುವ ಮಾದರಿ ಸಾಲದು, ಪದೇ ಪದೇ ಬಾಗಿ ಲೋಹ ಸೋಲುವ ದಣಿವಿನ ಲೆಕ್ಕವೇ ಮುಖ್ಯ. ನಿಟಿನಾಲಿಗೆ ಸ್ಟ್ರೆಸ್ ನೋಡುವುದಿಲ್ಲ, ಸ್ಟ್ರೈನ್ ನೋಡುತ್ತಾರೆ: ಒಂದು ಕೋಟಿ ಆವರ್ತನಗಳಿಗೆ ಏರಿಳಿತದ ಸ್ಟ್ರೈನ್ ಸುಮಾರು ಶೇ. 0.4ರ ಒಳಗಿರಬೇಕು ಎಂಬುದು ಪ್ರಯೋಗಗಳಿಂದ ಬಂದ ಅಳತೆ. ಹೃದಯದ ಬಡಿತಕ್ಕೆ ಸಂಬಂಧಿಸಿದ ಪರೀಕ್ಷೆಗಳಲ್ಲಿ 10 ವರ್ಷಕ್ಕೆ 40 ಕೋಟಿ ಆವರ್ತನಗಳೆಂದು ಹಿಡಿಯುತ್ತಾರೆ.

ಕರಗುವ ಪಾಲಿಮರ್ ಸ್ಟೆಂಟ್ ಮಾದರಿಗೆ ಇಳಿಯುವವರು ಒಮ್ಮೆ ಯೋಚಿಸಿ. ಉಬ್ಬಿಸುವ ವೇಗ, ದೇಹದ ಉಷ್ಣತೆ, ಕಾಲ ಕಳೆದಂತೆ ಇಳಿಯುವ ಬಲ, ಮೂರೂ ಸೇರಬೇಕು. ಸುಮಾರು 150 ಮೈಕ್ರಾನ್ ಸ್ಟ್ರಟ್ ಇದ್ದ ಅಬ್ಸಾರ್ಬ್ ಎಂಬ ಕರಗುವ ಸ್ಟೆಂಟ್ 2017ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಲೋಹದ ಮಾದರಿಯಲ್ಲಿ ವಸ್ತುವಿನ ಅಂಕಿ ಬದಲಿಸಿ ಪಾಲಿಮರ್ ಎಂದರೆ ಆಗಲಿಲ್ಲ.

ರಕ್ತವನ್ನು ಸೇರಿಸಬೇಕೇ

ಮಂದವಾದ ಹರಿವಿನಿಂದ ಗೋಡೆಯ ಮೇಲಿನ ಉಜ್ಜುಬಲ ಸುಮಾರು 0.4 ಪ್ಯಾಸ್ಕಲ್‌ಗಿಂತ ಕೆಳಗಿಳಿದ ಜಾಗಗಳಲ್ಲಿ ರೋಗ ಬೆಳೆಯುವ ಒಲವು ಹೆಚ್ಚು. ಆರೋಗ್ಯಕರ ಅಪಧಮನಿಯಲ್ಲಿ ಅದು 1.5 ಪ್ಯಾಸ್ಕಲ್ ಅಥವಾ ಅದಕ್ಕೂ ಮೇಲೆ. ಸ್ಟ್ರಟ್‌ಗಳ ಹಿಂದೆ ಮುಂದೆ ಇಂಥ ಮಂದ ಜಾಗಗಳು ಹುಟ್ಟುತ್ತವೆ. ರಕ್ತದ ಪ್ರಶ್ನೆ ನಿಮ್ಮದಾದರೆ, ಅರಳಿಸಿದ ಮಾದರಿಯ ಕೊನೆಯ ಆಕಾರವನ್ನು ತೆಗೆದು, ಗೋಡೆ ಅಲುಗುವುದಿಲ್ಲ ಎಂದುಕೊಂಡು ಹರಿವನ್ನು ಲೆಕ್ಕಹಾಕಿ. ಹಾಕಿದ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ದಾರಿ ಇದು. ಸೆಕೆಂಡಿಗೆ 20 ಸೆಂ.ಮೀ. ವೇಗ ಎಂದರೆ, ಹರಿವು ಶಾಂತವೋ ಸುಳಿಸುಳಿಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 180. ಹರಿವು ಶಾಂತ, ಟರ್ಬುಲೆನ್ಸ್ ಮಾದರಿಯ ಗೋಜು ಬೇಡ.

ಗೋಡೆ ಮತ್ತು ರಕ್ತ ಒಟ್ಟಿಗೆ ಚಲಿಸುವ ಎಫ್‌ಎಸ್‌ಐ ಲೆಕ್ಕ ಕೇಳಲು ಸೊಗಸು. ಆದರೆ ಸ್ಟೆಂಟ್ ಹಾಕಿದ ಭಾಗ ನಾಡಿ ಬಡಿತಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ. ಅಲುಗದ ಗೋಡೆಯನ್ನು ಅಲುಗುವಂತೆ ಲೆಕ್ಕ ಹಾಕಲು ದಿನಗಟ್ಟಲೆ ಕಂಪ್ಯೂಟರ್ ಓಡಿಸುವುದೇಕೆ? ಸ್ಟೆಂಟಿನ ತುದಿಗಳಲ್ಲಿ ಬಿಗಿ ನಾಳ ಮತ್ತು ಮೆತ್ತನೆ ನಾಳ ಸೇರುವಲ್ಲಿ ಏನಾಗುತ್ತದೆ ಎಂಬುದೇ ಪ್ರಶ್ನೆಯಾಗಿದ್ದರೆ ಮಾತ್ರ ಅದಕ್ಕೆ ಅರ್ಥ ಉಂಟು.

ಇನ್ನು ತಿಂಗಳುಗಳ ಮೇಲೆ ಅಂಗಾಂಶ ಬೆಳೆದು ನಾಳ ಮತ್ತೆ ಕಿರಿದಾಗುವುದು. ಗಾಯ ಎಷ್ಟು ಆಳವೋ ಹೊಸ ಅಂಗಾಂಶ ಅಷ್ಟು ದಪ್ಪ ಎಂದು 1992ರಲ್ಲಿ ಹಂದಿಗಳ ಮೇಲಿನ ಅಧ್ಯಯನ ತೋರಿಸಿತ್ತು. ಆ ನಂಟನ್ನು ಹಿಡಿದು, ಒಂದೊಂದು ಜೀವಕೋಶವನ್ನೂ ನಿಯಮಗಳ ಪ್ರಕಾರ ಬೆಳೆಯಲು ಬಿಡುವ ಏಜೆಂಟ್ ಮಾದರಿಗಳು ಬಂದಿವೆ. ಸಂಶೋಧನೆಗೆ ಇವು ಫಲವತ್ತಾದ ನೆಲ. ಮುಂದಿನ ವಾರ ವಿನ್ಯಾಸ ನಿರ್ಧಾರ ಆಗಬೇಕು ಎಂದಿರುವವರಿಗೆ ಅಲ್ಲ.

ಸಾಫ್ಟ್‌ವೇರ್, ನಂಬಿಕೆ, ಹೋಲಿಸುವ ಬಗೆ

ಅಬಾಕಸ್‌ನಲ್ಲಿ ನಾರಿನ ಗೋಡೆ, ನಿಟಿನಾಲ್, ಇಂಪ್ಲಿಸಿಟ್, ಎಕ್ಸ್‌ಪ್ಲಿಸಿಟ್ ಎಲ್ಲ ಒಂದೇ ಮನೆಯಲ್ಲಿ ಸಿಗುತ್ತವೆ. ಈ ಕ್ಷೇತ್ರದ ಪ್ರಬಂಧಗಳಲ್ಲಿ ಅದು ಅಷ್ಟು ಕಾಣುವುದಕ್ಕೆ ಕಾರಣವೂ ಇದೇ. ಮಡಚಿದ ಬಲೂನಿಗೆ ಎಲ್‌ಎಸ್–ಡೈನಾ ಕೂಡ ಗಟ್ಟಿ. ಹಣ ಕೊಡಲಾಗದವರಿಗೆ ಫೆಬಿಯೋ ಇದೆ, ಮೃದು ಅಂಗಾಂಶಕ್ಕೆಂದೇ ಹುಟ್ಟಿದ್ದು. ಗೋಡೆಯ ಪ್ರಶ್ನೆಗೆ ಚೆನ್ನ. ಲೋಹದ ಕಡೆಗೆ ಕ್ಯಾಲ್ಕ್ಯುಲಿಕ್ಸ್, ಸ್ಕ್ಯಾನಿನಿಂದ ನಾಳ ತೆಗೆದು ಹರಿವು ಲೆಕ್ಕ ಹಾಕಲು ಸಿಮ್‌ವ್ಯಾಸ್ಕ್ಯುಲರ್, ಹರಿವಿಗೆ ಮಾತ್ರ ಓಪನ್‌ಫೋಮ್.

ಫಲಿತಾಂಶ ಪ್ರಬಂಧಕ್ಕೋ, ಅನುಮೋದನೆಯ ಕಡತಕ್ಕೋ ಎಂಬುದೂ ಆಯ್ಕೆಯನ್ನು ತಿರುಗಿಸುತ್ತದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ 2018ರಲ್ಲಿ ತಂದ ವಿ ಆ್ಯಂಡ್ ವಿ 40 ಮಾನದಂಡ ಕೇಳುವುದು ಎರಡು ಮಾತು: ನಿರ್ಧಾರದಲ್ಲಿ ಮಾದರಿಯ ಪಾಲೆಷ್ಟು, ನಿರ್ಧಾರ ತಪ್ಪಿದರೆ ಆಗುವ ಹಾನಿ ಎಷ್ಟು. ಎರಡೂ ಹೆಚ್ಚಾದಷ್ಟು ಸಾಕ್ಷ್ಯವೂ ಹೆಚ್ಚು ಬೇಕು. ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮೋದನೆ ಕೊಡುವ ಅಮೆರಿಕದ ಎಫ್‌ಡಿಎ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದೇ ಜಾಡಿನದು. ಬೆಂಚಿನ ಮೇಲೆ ಅಳೆದು ತಾಳೆ ನೋಡಬಹುದಾದ ಸರಳ ಮಾದರಿ, ಅಳೆಯಲಾಗದ ಸಂಕೀರ್ಣ ಮಾದರಿಗಿಂತ ಅಲ್ಲಿ ಹೆಚ್ಚು ಬೆಲೆ ಪಡೆಯುತ್ತದೆ.

ಗೋಡೆಯ ಗರಿಷ್ಠ ಸ್ಟ್ರೆಸ್ ಎಂಬ ಒಂದೇ ಅಂಕಿಯ ಮೇಲೆ ಯಾವ ತೀರ್ಮಾನವನ್ನೂ ನಿಲ್ಲಿಸಬೇಡಿ. ಸ್ಟ್ರಟ್‌ನ ಮೂಲೆ ತಗುಲುವ ಒಂದು ಎಲಿಮೆಂಟಿನಲ್ಲಿ ಅದು ಹುಟ್ಟುತ್ತದೆ, ಮೆಶ್, ಅಂದರೆ ಎಲಿಮೆಂಟ್‌ಗಳ ಬಲೆ, ಸಣ್ಣದಾದಷ್ಟೂ ಏರುತ್ತಲೇ ಹೋಗುತ್ತದೆ. ಅದರ ಬದಲು 99ನೇ ಪರ್ಸೆಂಟೈಲ್, ಅಂದರೆ ಶೇ. 99 ಭಾಗ ಯಾವ ಅಂಕಿಯ ಕೆಳಗಿದೆಯೋ ಅದನ್ನು, ತೆಗೆದುಕೊಳ್ಳಿ, ಇಲ್ಲವೇ ಒಂದು ಮಿತಿಯನ್ನು ದಾಟಿದ ಅಂಗಾಂಶದ ಪಾಲು ಒಟ್ಟು ಗಾತ್ರದಲ್ಲಿ ಎಷ್ಟು ಎಂದು ಕೊಡಿ. ಎರಡು ಸ್ಟೆಂಟ್ ಹೋಲಿಸುವಾಗ ಗೋಡೆಯ ಮೆಶ್, ಘರ್ಷಣೆಯ ಅಂಕಿ, ನಾಳದ ತುದಿಗಳ ಕಟ್ಟು ಒಂದೇ ಇರಲಿ. ಆಮೇಲೆ ಉಳಿಯುವುದು ಒಂದೇ ಒತ್ತಡಕ್ಕೆ ಹೋಲಿಸುವುದೋ, ಒಂದೇ ಕೊನೆಯ ವ್ಯಾಸಕ್ಕೆ ಹೋಲಿಸುವುದೋ ಎಂಬುದು. ಒಂದೇ ಒತ್ತಡ ಎಂದರೆ ಕಡಿಮೆ ಅರಳಿದ ಸ್ಟೆಂಟ್ ಗೋಡೆಗೆ ಸೌಮ್ಯ ಎಂದು ಗೆದ್ದುಬಿಡುತ್ತದೆ. ರಕ್ತಕ್ಕೆ ದಾರಿ ಕಡಿಮೆ ಮಾಡಿ ಗಳಿಸಿದ ಗೆಲುವು ಅದು. ಬಲೂನಿನ ನಡವಳಿಕೆಯೇ ಪ್ರಶ್ನೆಯಾಗಿಲ್ಲದಿದ್ದರೆ, ಬಲೂನ್ ತೆಗೆದು ಸ್ಟೆಂಟ್ ಹಿಂದೆ ಸರಿದ ಮೇಲಿನ ವ್ಯಾಸವನ್ನು ಸಮ ಮಾಡಿಕೊಂಡೇ ಗೋಡೆಯ ಅಂಕಿಗಳನ್ನು ಎದುರುಬದುರು ಇಡಬೇಕು.